ಹಣ್ಣು ಹಂಚಿ ಫೋಟೊ ತೆಗೆದಾಯಿತು, ಮುಂದೇನು?

ಪ್ರಶ್ನೆ: ನಮ್ಮದು ಬೆಳ್ತಂಗಡಿ ತಾಲ್ಲೂಕಿನ ಸಣ್ಣ ಧರ್ಮಕೇಂದ್ರ. ಯುವ ಸಂಘಟನೆಯಲ್ಲಿ 15ರಿಂದ 25 ವರ್ಷದ 28 ಮಂದಿ ಇದ್ದೇವೆ. ಕ್ರಿಸ್‌ಮಸ್‌ಗೆ ಆಸ್ಪತ್ರೆಯಲ್ಲಿ ಹಣ್ಣು ಹಂಚುತ್ತೇವೆ, ವರ್ಷಕ್ಕೊಮ್ಮೆ ವೃದ್ಧಾಶ್ರಮಕ್ಕೆ ಹೋಗುತ್ತೇವೆ, ಗಾಂಧಿ ಜಯಂತಿಯಂದು ರಸ್ತೆ ಗುಡಿಸುತ್ತೇವೆ. ಮೊದಲ ಸಲ ಎಲ್ಲರೂ ಬರುತ್ತಾರೆ, ಆಮೇಲೆ ಏಳೆಂಟು ಜನ ಉಳಿಯುತ್ತಾರೆ. ‘ಈ ವರ್ಷ ಏನಾದರೂ ದೊಡ್ಡದು ಮಾಡಿ’ ಎಂದು ಫಾದರ್ ಹೇಳಿದ್ದಾರೆ. ಏನು ಮಾಡಬಹುದು?
– ಸಂಘಟನೆಯ ಕಾರ್ಯದರ್ಶಿ

ಉತ್ತರ: ಫಾದರ್ ಅವರ ಕ್ಷಮೆ ಕೋರಿ ಹೇಳುತ್ತೇನೆ, ದೊಡ್ಡದು ಬೇಡ. ಮತ್ತೆ ಮತ್ತೆ ಮಾಡಬೇಕಾಗಿ ಬರುವ ಸಣ್ಣ ಕೆಲಸವೊಂದನ್ನು ಹಿಡಿಯಿರಿ. ಮರಿಯಮ್ಮನವರ ಹುಟ್ಟುಹಬ್ಬವಾದ ಮೊಂತಿ ಹಬ್ಬಕ್ಕೆ ಮುಂಚಿನ ಒಂಬತ್ತು ದಿನ ಮಕ್ಕಳು ತಟ್ಟೆಯಲ್ಲಿ ಹೂ ಹಿಡಿದು ಬರುತ್ತಾರಲ್ಲ, ಅವರಿಗೆ ಯಾರೂ ವಾಟ್ಸ್‌ಆ್ಯಪ್‌ನಲ್ಲಿ ನೆನಪಿಸುವುದಿಲ್ಲ. ದಿನ ಗೊತ್ತು, ಹೊತ್ತು ಗೊತ್ತು, ತಾನು ತರಬೇಕಾದದ್ದು ಏನೆಂದೂ ಗೊತ್ತು. ನಿಮ್ಮ ಹುಡುಗರು ಎರಡನೆಯ ಸಲ ಬಾರದಿರುವುದು ಸೋಮಾರಿತನದಿಂದಲ್ಲ. ಹಣ್ಣು ಹಂಚಲು ನಾಲ್ಕು ಜನ ಸಾಕು, ಉಳಿದ 24 ಮಂದಿ ಫೋಟೊದಲ್ಲಿ ಹಿಂದೆ ನಿಲ್ಲುತ್ತಾರೆ. ತನ್ನ ಅಗತ್ಯವೇ ಇಲ್ಲದ ಕಡೆಗೆ ಯಾರು ಬರುತ್ತಾರೆ?

ನಿಮ್ಮ ಊರಿಗೆ ಹೊಂದುವ ಕೆಲಸವೊಂದು ನನಗೆ ತೋರುತ್ತದೆ: ಮಳೆಗಾಲದ ಡೆಂಗಿ. ಡೆಂಗಿ ಹರಡುವ ಈಡಿಸ್ ಸೊಳ್ಳೆ ಶುದ್ಧ ನೀರು ನಿಂತಲ್ಲಿ ಮೊಟ್ಟೆಯಿಡುತ್ತದೆ. ಅದಕ್ಕೆ ಕೆರೆ ಬೇಕಿಲ್ಲ. ತೋಟದಲ್ಲಿ ಬಿದ್ದ ಅಡಿಕೆ ಹಾಳೆ, ರಬ್ಬರ್ ಮರಕ್ಕೆ ಕಟ್ಟಿದ ಚಿಪ್ಪು, ಹಿತ್ತಲಿನ ಹಳೇ ಟಯರ್ ಧಾರಾಳವಾಯಿತು. ಮೊಟ್ಟೆಯಿಂದ ಹಾರುವ ಸೊಳ್ಳೆಯಾಗಲು ಸುಮಾರು 7ರಿಂದ 10 ದಿನ ಸಾಕು. ಆದ್ದರಿಂದ ತಿಂಗಳಿಗೊಮ್ಮೆ ಮಾಡುವ ಸ್ವಚ್ಛತಾ ಅಭಿಯಾನದಿಂದ ಸೊಳ್ಳೆಗೆ ಏನೂ ತೊಂದರೆಯಿಲ್ಲ. ವಾರಕ್ಕೊಮ್ಮೆ ನೀರು ಚೆಲ್ಲಲೇಬೇಕು. ಚೆಲ್ಲಿದರಷ್ಟೇ ಸಾಲದು, ಪಾತ್ರೆಯ ಒಳಮೈಯನ್ನು ಉಜ್ಜಬೇಕು, ಏಕೆಂದರೆ ಅಂಟಿಕೊಂಡ ಮೊಟ್ಟೆಗಳು ಒಣಗಿದರೂ ತಿಂಗಳುಗಟ್ಟಲೆ ಬದುಕಿರುತ್ತವೆ.

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಪ್ರತಿ ಭಾನುವಾರ ಪೂಜೆ ಮುಗಿದ ಮೇಲೆ ಒಂದೂವರೆ ಗಂಟೆ ಮೀಸಲಿಡಿ. ಇಬ್ಬಿಬ್ಬರ ಜೋಡಿ ಮಾಡಿ, ಜೋಡಿಗೆ ಹತ್ತು ಮನೆ. 14 ಜೋಡಿಯಾದರೆ 140 ಮನೆಯಾಯಿತು. ‘ಈ ಹತ್ತು ಮನೆ ನಿನ್ನವು’ ಎಂದ ಮೇಲೆ ತಪ್ಪಿಸಿಕೊಳ್ಳುವುದು ಕಷ್ಟ. ಹೋಗದಿದ್ದರೆ ಮುಂದಿನ ವಾರ ಆ ಮನೆಯ ಅಜ್ಜಿಯೇ ಕೇಳುತ್ತಾರೆ.

ಇಲ್ಲಿ ಒಂದು ಮುಖ್ಯ ವಿಷಯವಿದೆ. ಈ ಸೊಳ್ಳೆ ಸಾಮಾನ್ಯವಾಗಿ ಕೆಲವು ನೂರು ಮೀಟರ್ ದಾಟಿ ಹಾರುವುದಿಲ್ಲ. ನಿಮ್ಮನ್ನು ಕಚ್ಚಿದ್ದು ನಿಮ್ಮ ಹಿತ್ತಲಿನದು, ಇಲ್ಲವೇ ಪಕ್ಕದ ಮನೆಯದು. ಪಕ್ಕದ ಮನೆ ಬ್ಯಾರಿಗಳದಾಗಿರಬಹುದು, ಬಿಲ್ಲವರದಾಗಿರಬಹುದು. ವಾಳೆಯ (ಚರ್ಚಿನ ವಾರ್ಡಿನ) ಪಟ್ಟಿ ಹಿಡಿದು ಕ್ರೈಸ್ತರ ಮನೆಗಳಿಗೆ ಮಾತ್ರ ಹೋದರೆ ಶ್ರಮ ವ್ಯರ್ಥ. ಹಾಗೆಂದು ಚರ್ಚಿನ ಟೀ ಶರ್ಟ್ ಹಾಕಿಕೊಂಡು ಎಲ್ಲರ ಅಂಗಳಕ್ಕೆ ಇಳಿದರೆ ಅನುಮಾನದ ಕಣ್ಣುಗಳೂ ಇರುತ್ತವೆ, ಅದನ್ನು ಮುಚ್ಚಿಟ್ಟು ಪ್ರಯೋಜನವಿಲ್ಲ. ಮೊದಲು ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೂ ಗ್ರಾಮ ಪಂಚಾಯಿತಿಗೂ ಪತ್ರ ಕೊಡಿ. ಆಶಾ ಕಾರ್ಯಕರ್ತೆಯನ್ನು ಮುಂದಿಟ್ಟುಕೊಂಡು ಹೋಗಿ. ಊರಿನ ಯುವಕ ಮಂಡಲವನ್ನು ಸಹಾಯಕ್ಕೆಂದು ಕರೆಯಬೇಡಿ, ಪಾಲುದಾರರಾಗಿ ಕರೆಯಿರಿ. ಬ್ಯಾನರ್, ಪ್ರಾರ್ಥನಾ ಚೀಟಿ, ಸಂತರ ಚಿತ್ರ ಯಾವುದೂ ಬೇಡ. ಮನೆಯವರು ಒಪ್ಪದೆ ಅವರ ಹಿತ್ತಲಿನ ಫೋಟೊ ತೆಗೆಯುವುದಂತೂ ಬೇಡವೇ ಬೇಡ. ‘ಕೊಳಕು ಮನೆ’ ಎಂದು ಊರೆಲ್ಲ ಹಂಚಿಹೋದ ಫೋಟೊ ಮುಂದಿನ ಭಾನುವಾರದ ಬಾಗಿಲನ್ನು ಮುಚ್ಚಿಸುತ್ತದೆ.

18 ತುಂಬದವರಿಗೆ ಹೆತ್ತವರ ಒಪ್ಪಿಗೆ ಬರಹದಲ್ಲಿರಲಿ. ಕಿರಿಯರಿಬ್ಬರನ್ನೇ ಒಂದು ಜೋಡಿ ಮಾಡಬೇಡಿ, ಜೊತೆಗೊಬ್ಬ ಹಿರಿಯರಿರಲಿ. ಯಾರೂ ಒಬ್ಬರೇ ಮನೆಯೊಳಗೆ ಹೋಗುವಂತಿಲ್ಲ. ವಾಳೆಯ ಮುಖಂಡರಾದ ಗುರಿಕಾರರಿಗೆ ಈ ಹೊಣೆ ವಹಿಸಿದರೆ ಅವರಿಗೂ ಸಂತೋಷ.

ಮಳೆ ನಿಂತ ಮೇಲೆ ಅದೇ ಹತ್ತು ಮನೆಗಳನ್ನು ಕೈಬಿಡಬೇಡಿ. ಅಷ್ಟರಲ್ಲಿ ಯಾವ ಮನೆಯಲ್ಲಿ ಮಕ್ಕಳು ಗಲ್ಫ್‌ನಲ್ಲಿದ್ದು ವೃದ್ಧರಿಬ್ಬರೇ ಇದ್ದಾರೆ ಎಂಬುದು ನಿಮಗೆ ತಿಳಿದಿರುತ್ತದೆ. ನವೆಂಬರ್ ಬಂತೆಂದರೆ ಸರಕಾರಿ ಪಿಂಚಣಿದಾರರು ಜೀವಿತ ಪ್ರಮಾಣಪತ್ರ ಕೊಡಬೇಕು. ಬೆರಳಚ್ಚು ಸವೆದವರಿಗೆ ಈಗ ಮೊಬೈಲ್‌ನಲ್ಲಿ ಮುಖ ತೋರಿಸಿಯೇ ‘ಜೀವನ್ ಪ್ರಮಾಣ್’ ಮಾಡಿಸುವ ಸೌಲಭ್ಯವಿದೆ. 65 ತುಂಬಿದ ಬಡವರಿಗೆ ಸಂಧ್ಯಾ ಸುರಕ್ಷಾ ಯೋಜನೆಯಿದೆ, ನಾಡಕಚೇರಿಗೆ ಜೊತೆಗೆ ಹೋಗುವವರು ಬೇಕಷ್ಟೇ. ಆದರೆ ಅವರ ಒಟಿಪಿ, ಎಟಿಎಂ ಕಾರ್ಡ್, ಪಾಸ್‌ಬುಕ್‌ಗಳನ್ನು ನಿಮ್ಮ ಹುಡುಗರು ಇಟ್ಟುಕೊಳ್ಳಬಾರದು. ಮಗನಿಗೋ ಮಗಳಿಗೋ ವಿಡಿಯೊ ಕರೆ ಮಾಡಿ, ಅವರ ಎದುರಿನಲ್ಲೇ ಕೆಲಸ ಮುಗಿಸಿ.

ಪ್ರಶ್ನೆ: ಪಕ್ಕದ ಚರ್ಚಿನವರು ರಕ್ತದಾನ ಶಿಬಿರದಲ್ಲಿ ನೂರು ಯೂನಿಟ್ ದಾಟಿದರು. ನಾವು 150 ಮಾಡಬೇಕೆಂದಿದ್ದೇವೆ. ಸಲಹೆ ಕೊಡಿ.
– ಉಡುಪಿ ಜಿಲ್ಲೆಯ ಓದುಗ

ಉತ್ತರ: ರಕ್ತಕ್ಕೆ ಕ್ರಿಕೆಟ್ ಸ್ಕೋರಿನ ಲೆಕ್ಕ ಬೇಡ. ಕೆಂಪು ರಕ್ತಕಣಗಳನ್ನು ಶೇಖರಿಸಿಡಲು ಆಗುವುದು 35ರಿಂದ 42 ದಿನ ಮಾತ್ರ. ಸಣ್ಣ ರಕ್ತನಿಧಿಗೆ ಒಂದೇ ದಿನ 150 ಚೀಲ ತುಂಬಿಸಿದರೆ ಕೆಲವು ಹಾಳಾಗುವ ಸಂಭವವೇ ಹೆಚ್ಚು. ಪರವಾನಗಿ ಇರುವ ರಕ್ತನಿಧಿಯವರನ್ನೇ ‘ನಿಮಗೆ ಎಂದು ಬೇಕು, ಎಷ್ಟು ಬೇಕು?’ ಎಂದು ಕೇಳಿ. ಕಾಲೇಜುಗಳಿಗೆ ರಜೆಯಿರುವ ಏಪ್ರಿಲ್, ಮೇ ತಿಂಗಳಲ್ಲಿ ದಾನಿಗಳು ಕಡಿಮೆ. ಆಗ 40 ಯೂನಿಟ್ ಕೊಟ್ಟರೆ ನಿಮ್ಮನ್ನು ನೆನೆಯುತ್ತಾರೆ.

ದಾನಿಗೆ ಕನಿಷ್ಠ 18 ವರ್ಷ, 45 ಕಿಲೊ ತೂಕ, ಡೆಸಿಲೀಟರ್ ರಕ್ತಕ್ಕೆ 12.5 ಗ್ರಾಂ ಹಿಮೊಗ್ಲೋಬಿನ್ ಇರಬೇಕು. ಗಂಡಸರು 90 ದಿನಕ್ಕೊಮ್ಮೆ, ಹೆಂಗಸರು 120 ದಿನಕ್ಕೊಮ್ಮೆ ಕೊಡಬಹುದು. ನಮ್ಮ ಹುಡುಗಿಯರಲ್ಲಿ ಬಹಳ ಮಂದಿ ಹಿಮೊಗ್ಲೋಬಿನ್ ಸಾಲದೆ ಹಿಂದಿರುಗುತ್ತಾರೆ. ಮೈಕ್‌ನಲ್ಲಿ ಹೆಸರು ಕೂಗಿ ವಾಪಸು ಕಳುಹಿಸಿದ್ದನ್ನು ನಾನು ಕಂಡಿದ್ದೇನೆ, ದಯವಿಟ್ಟು ಹಾಗೆ ಮಾಡಬೇಡಿ. ಅಂಥವರನ್ನು ಆರೋಗ್ಯ ಕೇಂದ್ರಕ್ಕೆ ಕಳುಹಿಸಿ ಚಿಕಿತ್ಸೆ ಕೊಡಿಸಿದರೆ ಅದೂ ಶಿಬಿರದ ಫಲವೇ. ಉಪವಾಸವಿದ್ದವರಿಂದ ರಕ್ತ ತೆಗೆಯುವುದಿಲ್ಲವಾದ್ದರಿಂದ ಬೆಳಗಿನ ಪೂಜೆ ಮುಗಿಸಿ ಬಂದವರಿಗೆ ಮೊದಲು ತಿಂಡಿ ಕೊಡಿ.

ಪ್ರಶ್ನೆ: ಸೇವಾ ಯೋಜನೆಗೆ ದುಬೈಯಲ್ಲಿರುವ ಅಣ್ಣಂದಿರೂ ಕೆನಡಾದ ಪೌರತ್ವ ಪಡೆದ ಮಾವನೂ ಹಣ ಕಳುಹಿಸುತ್ತಾರಂತೆ. ಸ್ವೀಕರಿಸಬಹುದೇ?
– ಮೂಡುಬಿದಿರೆ

ಉತ್ತರ: ಅಣ್ಣಂದಿರು ಭಾರತದ ಪೌರರಾಗಿದ್ದು, ತಮ್ಮ ಸ್ವಂತ ಉಳಿತಾಯದಿಂದ ಬ್ಯಾಂಕ್ ಮೂಲಕ ಕಳುಹಿಸಿದರೆ ಅದು ವಿದೇಶಿ ದೇಣಿಗೆಯಾಗುವುದಿಲ್ಲ. ಮಾವನ ಹಣ ಹಾಗಲ್ಲ. ಅವರು ಒಸಿಐ (ಸಾಗರೋತ್ತರ ಭಾರತೀಯ ನಾಗರಿಕ) ಕಾರ್ಡ್ ಹೊಂದಿದ್ದರೂ ಕಾನೂನಿನ ಕಣ್ಣಿಗೆ ವಿದೇಶಿಯರೇ. 2010ರ ವಿದೇಶಿ ದೇಣಿಗೆ ನಿಯಂತ್ರಣ ಕಾಯ್ದೆಯಡಿ ನೋಂದಣಿಯೋ ಪೂರ್ವಾನುಮತಿಯೋ ಇಲ್ಲದೆ ಸಂಘಟನೆ ಅದನ್ನು ಮುಟ್ಟಬಾರದು, ಕಾರ್ಯದರ್ಶಿಯ ಸ್ವಂತ ಖಾತೆಗೆ ಹಾಕಿಸಿಕೊಳ್ಳುವ ಉಪಾಯವಂತೂ ಇನ್ನೂ ಅಪಾಯ. ಅಣ್ಣಂದಿರ ಹಣಕ್ಕೆ ಮಾತ್ರ ರಸೀದಿ ಕೊಟ್ಟು, ಲೆಕ್ಕವನ್ನು ಚರ್ಚಿನ ಪಾಲನಾ ಮಂಡಳಿಯ ಸಭೆಯಲ್ಲಿ ಓದಿ. ಮಾವ ರಜೆಯಲ್ಲಿ ಊರಿಗೆ ಬಂದಾಗ ಹಿತ್ತಲು ನೋಡಲು ನಿಮ್ಮೊಂದಿಗೆ ಒಂದು ಭಾನುವಾರ ಬರಲಿ.