ಶುಗರ್ ಇರೋರ ಕಾಲುರಿಗೆ ನಾಟಿ ಔಷಧಿ ಕೆಲ್ಸ ಮಾಡುತ್ತಾ?

ಅಮ್ಮಂಗೆ ಶುಗರ್ ಇದೆ, ರಾತ್ರಿ ಆದ್ರೆ ಪಾದ ಉರಿ, ಜುಮು ಜುಮು, ಲಕ್ಕಿ ಸೊಪ್ಪು ಅರಿಶಿನ ಇವಕ್ಕೆಲ್ಲ ಪ್ರೂಫ್ ಏನಾದ್ರೂ ಇದ್ಯಾ ಅಂತ ಕೇಳಿದೀರ. ನಾನು ಕೊರಟಗೆರೆ ಕಡೆ ಮೆಡಿಕಲ್ ಸ್ಟೋರ್ ನಡೆಸ್ತೀನಿ, ಔಷಧಿ ಗಿಡಕ್ಕೆ ಹೆಸರಾದ ಸಿದ್ಧರಬೆಟ್ಟ ಪಕ್ಕದಲ್ಲೇ ಇರೋದ್ರಿಂದ ಬೇರು ಸೊಪ್ಪು ತಂದೋರು ನಮ್ಮಲ್ಲೂ ಒಂದ್ ಮಾತು ಕೇಳ್ಕೊಂಡೇ ಹೋಗ್ತಾರೆ.

ಅಡುಗೆಮನೆ ಸಾಮಾನಲ್ಲಿ ಗಟ್ಟಿ ಪುರಾವೆ ಇರೋದು ಒಣಮೆಣಸಿನಕಾಯಿಗೆ. ಅದರ ಖಾರದಲ್ಲಿರೋ ಕ್ಯಾಪ್ಸೈಸಿನ್ ನೋವಿನ ನರದ ತುದೀಲಿರೋ ಟಿಆರ್‌ಪಿವಿ1 ಅನ್ನೋ ರಿಸೆಪ್ಟರನ್ನ (ಖಾರ, ಬಿಸಿ ಗುರುತಿಸೋ ಪ್ರೋಟೀನು) ಹಿಡ್ಕೊಂಡು ಮೊದ್ಲು ಉರಿ ಎಬ್ಬಿಸುತ್ತೆ, ಡೋಸ್ ಜಾಸ್ತಿ ಆದ್ರೆ ಆ ತುದಿ ಕೆಲವು ತಿಂಗಳು ಮಂಕಾಗ್ಬಿಡುತ್ತೆ (ಈ ರಿಸೆಪ್ಟರ್ ಕಂಡುಹಿಡಿದ ಡೇವಿಡ್ ಜೂಲಿಯಸ್‌ಗೆ 2021ರಲ್ಲಿ ನೊಬೆಲ್ ಬಂತು). ಚರ್ಮಕ್ಕೆ ಅಂಟಿಸೋ 8% ಕ್ಯಾಪ್ಸೈಸಿನ್ ಪ್ಯಾಚ್‌ಗೆ ಅಮೆರಿಕದಲ್ಲಿ 2009ರಲ್ಲಿ ಸರ್ಪಸುತ್ತು ವಾಸಿಯಾದ್ಮೇಲೂ ಉಳಿಯೋ ನೋವಿಗೆ, 2020ರಲ್ಲಿ ಶುಗರ್‌ನೋರ ಪಾದದ ನೋವಿಗೆ ಒಪ್ಪಿಗೆ ಸಿಕ್ತು. ಅದನ್ನ ಆಸ್ಪತ್ರೇಲೇ ಹಾಕೋದು, ಪಾದಕ್ಕೆ ಅರ್ಧ ಗಂಟೆ ಅಷ್ಟೆ. ಹಂಗಂತ ಗುಂಟೂರು ಮೆಣಸಿನಕಾಯಿ ಅರೆದು ಅಮ್ಮನ ಕಾಲಿಗೆ ಮೆತ್ಬೇಡಿ ಮಾರಾಯ್ರೆ, ಬೊಬ್ಬೆ ಬರುತ್ತೆ, ಶುಗರ್‌ನೋರಿಗೆ ಗಾಯ ಬೇಗ ಮಾಯಲ್ಲ.

ಅರಿಶಿನ-ಕಾಳುಮೆಣಸಿಂದು ವಾಟ್ಸಾಪಲ್ಲಿ ಬರುತ್ತಲ್ಲ, ಮೆಣಸು ಸೇರಿದ್ರೆ ಅರಿಶಿನದ ಸತ್ವ ರಕ್ತಕ್ಕೆ 2000% ಜಾಸ್ತಿ ಸೇರುತ್ತೆ ಅಂತ, ಅದು ಸುಳ್ಳಲ್ಲ, 1998ರಲ್ಲಿ ಬೆಂಗಳೂರಿನ ಸೇಂಟ್ ಜಾನ್ಸ್ ಮೆಡಿಕಲ್ ಕಾಲೇಜಿನೋರೇ ಮಾಡಿದ್ದು, 2 ಗ್ರಾಂ ಕರ್ಕ್ಯುಮಿನ್ (ಅರಿಶಿನದ ಸತ್ವ) ಜೊತೆ 20 ಮಿಲಿಗ್ರಾಂ ಪೈಪರಿನ್ (ಕಾಳುಮೆಣಸಿನ ಸತ್ವ) ಕೊಟ್ಟು ನೋಡಿದ್ರು. ಆದ್ರೆ ಅವ್ರು ಅಳೆದಿದ್ದು ರಕ್ತಕ್ಕೆ ಎಷ್ಟು ಸೇರ್ತು ಅನ್ನೋದನ್ನ, ಅದೂ ಆರೋಗ್ಯವಾಗಿರೋರಲ್ಲಿ, ನೋವು ಕಮ್ಮಿ ಆಯ್ತಾ ಅಂತ ಅಲ್ಲ. ಸಾರಿಗೆ ಹಾಕ್ಕೊಳ್ಳಿ, ಬೇಡ ಅನ್ನಲ್ಲ.

ಲಕ್ಕಿ ಸೊಪ್ಪಿನ ಪರೀಕ್ಷೆ ಹೆಚ್ಚಾಗಿ ನಡೆದಿರೋದು ಇಲಿ ಮೇಲೆ. ಎಣ್ಣೆ ಹಚ್ಚಿ ನೀವಿದ್ರೆ ಹಿತ ಅನ್ಸುತ್ತೆ, ಸರಿ, ಆದ್ರೆ ಬಿಸಿ ಶಾಖ ಮಾತ್ರ ಕೊಡ್ಬೇಡಿ, ಶುಗರಿಂದ ನರ ಕೆಟ್ಟು ಸ್ಪರ್ಶ ಹೋಗಿರೋ ಕಾಲು ಸುಟ್ರೂ ಅವ್ರಿಗೆ ಗೊತ್ತಾಗಲ್ಲ, ಬೆಳಗ್ಗೆ ನೋಡಿದ್ರೆ ಗುಳ್ಳೆ ಎದ್ದಿರುತ್ತೆ.

ನಂಗೆ ಜಾಸ್ತಿ ಭಯ ಇರೋದು ಲೇಬಲ್ ಇಲ್ದೆ ಪೊಟ್ಟಣ ಕಟ್ಕೊಡೋ ಪುಡಿಗಳದ್ದು. 2004ರಲ್ಲಿ ಬಾಸ್ಟನ್ ಸುತ್ತಮುತ್ತ ಅಂಗಡಿಗಳಲ್ಲಿ ಮಾರ್ತಿದ್ದ 70 ಆಯುರ್ವೇದ ಔಷಧಿ ತಗೊಂಡು ಟೆಸ್ಟ್ ಮಾಡಿದ್ರೆ 14ರಲ್ಲಿ ಸೀಸ, ಪಾದರಸ ಇಲ್ಲಾ ಆರ್ಸೆನಿಕ್ ಸಿಕ್ತು. ಸೀಸ ನರಾನೇ ಹಾಳು ಮಾಡೋ ವಸ್ತು, ಇನ್ನೇನ್ ಹೇಳೋದು.

ಅಮ್ಮ ಶುಗರಿನ ಮಾತ್ರೆ ಮೆಟ್‌ಫಾರ್ಮಿನ್ ವರ್ಷಗಟ್ಲೆ ತಗೊಳ್ತಿದ್ರೆ ಮೊದ್ಲು ವಿಟಮಿನ್ ಬಿ12 ಚೆಕ್ ಮಾಡ್ಸಿ, ಆ ಮಾತ್ರೆಯಿಂದ ಬಿ12 ಕಮ್ಮಿ ಆಗ್ಬಹುದು, ಅದರಿಂದ್ಲೂ ಇದೇ ಥರ ಜುಮು ಜುಮು ಬರುತ್ತೆ. ಉರಿಗೆ ಪ್ರಿಗ್ಯಾಬಲಿನ್, ಡುಲಾಕ್ಸೆಟಿನ್ ಅಂತ ಮಾತ್ರೆ ಇದಾವೆ, ಆದ್ರೆ ಡಾಕ್ಟ್ರು ಚೀಟಿ ಇಲ್ದೆ ನಮ್ಮ ಅಂಗಡೀಲೂ ಕೇಳ್ಬೇಡಿ.