ಗಣಿ ಪಕ್ಕದ ಹೊಲ: ಧೂಳಿಗಿಂತ ನೀರಿನ ಮೇಲೆ ಕಣ್ಣಿಡಿ

ಪ್ರಶ್ನೆ: ನಮ್ಮ ಹೊಲದಿಂದ ಒಂದು ಕಿಲೋಮೀಟರ್ ದೂರದಲ್ಲಿ ಕಬ್ಬಿಣದ ಅದಿರಿನ ಗಣಿ ಇದೆ. ಮೂರು ವರ್ಷದಿಂದ ಲಾರಿ ಓಡಾಟ ಜಾಸ್ತಿಯಾಗಿದೆ. ಮೆಣಸಿನ ಗಿಡ ಹೂವು ಬಿಡುತ್ತದೆ, ಕಾಯಿ ಮಾತ್ರ ಸರಿಯಾಗಿ ಕಟ್ಟುವುದಿಲ್ಲ. ಬಾವಿ ನೀರೂ ಇಳಿದಿದೆ. ಕೇಳಿದರೆ ‘ಮಳೆ ಇಲ್ಲ, ಅದಕ್ಕೇ’ ಅನ್ನುತ್ತಾರೆ. ಎಲ್ಲಕ್ಕೂ ಧೂಳೇ ಕಾರಣವಾ? ಬೆಳೆದದ್ದನ್ನು ತಿನ್ನಬಹುದಾ?

ಉತ್ತರ: ಕಾಯಿ ಕಟ್ಟದಿರುವುದಕ್ಕೆ ಧೂಳಿನ ಪಾಲು ಇರಬಹುದು. ಎಲೆ ಮೇಲೆ ಧೂಳು ಕೂತರೆ ಬಿಸಿಲು ಒಳಗೆ ಇಳಿಯುವುದಿಲ್ಲ, ಎಲೆ ಉಸಿರಾಡುವ ಸಣ್ಣ ರಂಧ್ರಗಳೂ ಮುಚ್ಚುತ್ತವೆ. ಹೂವಿನ ನಡುವಿನ ಕಡ್ಡಿಯ (ಶಲಾಕೆಯ) ತುದಿಗೆ ಮೆತ್ತಿಕೊಂಡರೆ ಪರಾಗ ಮೊಳೆಯುವುದೇ ಕಷ್ಟ. ಆದರೆ ಸೆಕೆ ಜಾಸ್ತಿಯಾದರೂ, ಥ್ರಿಪ್ಸ್ ಅನ್ನುವ ಸಣ್ಣ ಕೀಟ ಬಿದ್ದರೂ ಮೆಣಸಿನ ಹೂವು ಉದುರುತ್ತದೆ. ಹಾಗಾಗಿ ಒಂದು ಕೆಲಸ ಮಾಡಿ. ಲಾರಿ ದಾರಿಯ ಪಕ್ಕದ ಸಾಲಿನಲ್ಲಿ ಹತ್ತು ಗಿಡ, ಹೊಲದ ಆ ತುದಿಯಲ್ಲಿ ಹತ್ತು ಗಿಡ ಆರಿಸಿ ಕಾಯಿ ಎಣಿಸಿ. ಎಲೆ ಮಗುಚಿಯೂ ನೋಡಿ. ಧೂಳಿರುವ ಕಡೆ ನುಸಿ ಬೇಗ ಹೆಚ್ಚುತ್ತದೆ, ಅದು ಎಲೆಯ ಅಡಿಯಲ್ಲೇ ಇರುತ್ತದೆ. ದಾರಿ ಪಕ್ಕ ಮಾತ್ರ ಕಾಯಿ ಕಡಿಮೆ ಇದ್ದರೆ ಧೂಳಿನ ಮೇಲೆ ಅನುಮಾನ ಪಡಬಹುದು. ಎರಡೂ ಕಡೆ ಒಂದೇ ಥರ ಇದ್ದರೆ ಕಾರಣ ಬೇರೆ ಇರುವ ಸಾಧ್ಯತೆ ಜಾಸ್ತಿ.

ನನಗೆ ಹೆಚ್ಚು ಚಿಂತೆ ನಿಮ್ಮ ಬಾವಿಯದು. ಗಣಿಯ ಗುಂಡಿ ಅಂತರ್ಜಲದ ಮಟ್ಟಕ್ಕಿಂತ ಕೆಳಗೆ ಇಳಿದರೆ ಅಗೆಯುವವರು ನೀರನ್ನು ಹಗಲೂ ರಾತ್ರಿ ಪಂಪ್ ಮಾಡಿ ಹೊರಗೆ ಹಾಕಬೇಕಾಗುತ್ತದೆ. ಆಗ ಸುತ್ತಲಿನ ನೆಲದೊಳಗಿನ ನೀರು ಆ ಗುಂಡಿಯ ಕಡೆಗೆ ಹರಿಯುತ್ತದೆ. ಹತ್ತಿರದ ಬಾವಿ ಮೊದಲು ಇಳಿಯುತ್ತದೆ, ದೂರದ್ದು ಆಮೇಲೆ. ಮಳೆ ಕಡಿಮೆಯಾದಾಗಲೂ ನೀರು ಇಳಿಯುತ್ತದೆ, ನಿಜ. ಆದರೆ ಆಗ ಸಾಮಾನ್ಯವಾಗಿ ಎಲ್ಲ ಬಾವಿಗಳೂ ಇಳಿಯುತ್ತವೆ, ಗಣಿ ಪಕ್ಕದವು ಮಾತ್ರ ಅಲ್ಲ. ಈ ವ್ಯತ್ಯಾಸ ತೋರಿಸೋಕೆ ಲೆಕ್ಕ ಬೇಕು, ಬಾಯಿಮಾತು ಸಾಲದು.

ತಿನ್ನಬಹುದಾ ಅಂತ ಕೇಳಿದ್ದೀರಿ. ಕಬ್ಬಿಣದ ಅದಿರಿನ ಕೆಂಧೂಳು ಕೂತಿದ್ದರೆ ಸಾಮಾನ್ಯವಾಗಿ ಹೆದರಬೇಕಿಲ್ಲ, ಚೆನ್ನಾಗಿ ತೊಳೆದು ತಿನ್ನಿ. ಅದು ಮಳೆ ನೀರಿನ ಜೊತೆ ಹೊಲಕ್ಕೆ ಹರಿದು ಬಂದು ಮೇಲೆ ಗಟ್ಟಿ ಪದರ ಕಟ್ಟುವುದೇ ದೊಡ್ಡ ತೊಂದರೆ. ಬೀಜ ಅದನ್ನು ಒಡೆದು ಮೇಲೆ ಬರಲಾಗುವುದಿಲ್ಲ. ತಾಮ್ರ, ಸತು, ಸೀಸದ ಗಣಿಯ ಪಕ್ಕ ಇದ್ದಿದ್ದರೆ ಬೇರೆ ಮಾತು ಹೇಳುತ್ತಿದ್ದೆ. ಅಲ್ಲಿನ ಗಂಧಕ ಬೆರೆತ ಅದಿರಿಗೆ ಗಾಳಿ, ನೀರು ತಾಗಿದರೆ ಆಮ್ಲ ಹುಟ್ಟುತ್ತದೆ, ಆ ಆಮ್ಲ ಲೋಹಗಳನ್ನು ಕರಗಿಸಿ ಹೊತ್ತೊಯ್ಯುತ್ತದೆ. ಹಳ್ಳದ ಕಲ್ಲುಗಳ ಮೇಲೆ ಕಿತ್ತಳೆ ಬಣ್ಣದ ಲೇಪ ಕಂಡರೆ ಅದರ ಗುರುತಿರಬಹುದು.

ಜಪಾನಿನ ಜಿಂಜು ನದಿಯ ಕಥೆ ಹೀಗೇ. ಮೇಲಿನ ಸತುವಿನ ಗಣಿಯಿಂದ ಬಂದ ಕ್ಯಾಡ್ಮಿಯಂ ಅನ್ನುವ ವಿಷದ ಲೋಹ ಭತ್ತದ ಗದ್ದೆ ಸೇರಿತು, ಅಕ್ಕಿ ತಿಂದವರ ಮೂಳೆಗಳು ಸುಲಭವಾಗಿ ಮುರಿಯತೊಡಗಿದವು. 1968ರಲ್ಲಿ ಅಲ್ಲಿನ ಸರ್ಕಾರ ಅದನ್ನು ಮಾಲಿನ್ಯದ ಕಾಯಿಲೆ ಅಂತ ಒಪ್ಪಿಕೊಂಡಿತು. ಗದ್ದೆಗಳ ಮಣ್ಣು ಸರಿಪಡಿಸಲು 1979ರಿಂದ 2012ರ ತನಕ ಹಿಡಿಯಿತು. ಅಲ್ಲಿ ಕಾಲುವೆ ನೀರು ಗದ್ದೆಗೆ ನುಗ್ಗುವ ಬಾಯಿಯ ಹತ್ತಿರವೇ ವಿಷ ಜಾಸ್ತಿ ಕೂತಿತ್ತು.

ಆದ್ದರಿಂದ ಮಣ್ಣು ಪರೀಕ್ಷೆಗೆ ಕೊಡುವಾಗ ನೀರು ಬರುವ ಬಾಯಿಯದ್ದು, ದೂರದ ಮೂಲೆಯದ್ದು ಬೇರೆ ಬೇರೆ ಚೀಲದಲ್ಲಿ ಕೊಡಿ. ಮಾಮೂಲಿ ಪರೀಕ್ಷೆಯಲ್ಲಿ ಕ್ಯಾಡ್ಮಿಯಂ, ಸೀಸ, ಆರ್ಸೆನಿಕ್ ನೋಡುವುದಿಲ್ಲ, ಬಾಯಿಬಿಟ್ಟು ಕೇಳಬೇಕು.

ಬಾವಿಗೆ ಒಂದು ಹಗ್ಗ, ತುದಿಗೆ ಕಲ್ಲು ಸಾಕು. ಪ್ರತಿ ತಿಂಗಳು ಒಂದೇ ತಾರೀಕಿಗೆ, ಬೆಳಿಗ್ಗೆ ಪಂಪ್ ಹಾಕುವ ಮೊದಲು ಅಳೆದು ಬರೆದಿಡಿ. ಗಣಿಯಿಂದ ದೂರ ಇರುವ ಇನ್ನೊಬ್ಬರ ಬಾವಿಯನ್ನೂ ಅದೇ ದಿನ ಅಳೆಯಿರಿ, ಪಕ್ಕದಲ್ಲೇ ಮಳೆ ಬಿದ್ದ ದಿನಗಳನ್ನು ಗುರುತು ಹಾಕಿ.