ಹಾಲು, ಮೊಟ್ಟೆ ನಿಲ್ಲಿಸಬೇಕೇ?

ಪ್ರಶ್ನೆ: ಮಗನಿಗೆ 14 ವರ್ಷ. ತೊಡೆಮೂಳೆಯಲ್ಲಿ ಈವಿಂಗ್ ಸಾರ್ಕೋಮಾ ಎಂಬ ಕ್ಯಾನ್ಸರ್. ಬೇರೆಡೆ ಹರಡಿಲ್ಲ, ಕೀಮೊ ನಡೆಯುತ್ತಿದೆ. ಬೆಳವಣಿಗೆಯ ಹಾರ್ಮೋನೇ ಈ ಗಡ್ಡೆಯನ್ನು ಬೆಳೆಸುತ್ತದೆ, ಅದನ್ನು ತಡೆಯುವ ಔಷಧಿ ಇದೆ ಎಂದು ನೆಂಟರೊಬ್ಬರು ಹೇಳಿದರು. ಆ ಔಷಧಿ ಕೇಳಬೇಕೇ? ಭಯವಾಗಿ ಹಾಲು, ಮೊಟ್ಟೆ ನಿಲ್ಲಿಸಿದ್ದೇವೆ.

ಉತ್ತರ: ತಾಯಿ, ಹಾಲು, ಮೊಟ್ಟೆ ಇವತ್ತೇ ಮತ್ತೆ ಶುರುಮಾಡಿ. ಹಾಲು ಚೆನ್ನಾಗಿ ಕಾಯಿಸಿರಲಿ, ಮೊಟ್ಟೆ ಪೂರ್ತಿ ಬೆಂದಿರಲಿ. ಕೀಮೊ ತಡೆದುಕೊಳ್ಳಲು ಮಗುವಿನ ಮೈಯಲ್ಲಿ ಕಸುವು ಬೇಕು. ಈ ಕಾಯಿಲೆ ಊಟದಿಂದ ಬಂದದ್ದಲ್ಲ. ಜೀವಕೋಶವೊಂದರಲ್ಲಿ 11 ಮತ್ತು 22ನೇ ಕ್ರೋಮೋಸೋಮುಗಳ ತುಣುಕುಗಳು ಆಕಸ್ಮಿಕವಾಗಿ ಅದಲುಬದಲಾಗುತ್ತವೆ. ಹೆಚ್ಚಿನ ಮಕ್ಕಳಲ್ಲಿ ಆಗುವುದು ಇದೇ. ನೀವು ಮಾಡಿದ ತಪ್ಪೇನೂ ಇದರಲ್ಲಿಲ್ಲ.

ನಿಮ್ಮ ನೆಂಟರ ಮಾತು ಪೂರ್ತಿ ಸುಳ್ಳಲ್ಲ. ಎಲುಬು ಉದ್ದವಾಗಲು, ಬೆಳವಣಿಗೆಯ ಹಾರ್ಮೋನಿನ ಪ್ರೇರಣೆಯಿಂದ ಮೈಯಲ್ಲಿ ತಯಾರಾಗುವ ಐಜಿಎಫ್-1 ಎಂಬ ಪ್ರೋಟೀನು ಬೇಕು. ಅದು ಜೀವಕೋಶದ ಮೇಲೆ ಸಂದೇಶ ಹಿಡಿಯುವ ಗ್ರಾಹಕಕ್ಕೆ (ರಿಸೆಪ್ಟರ್), ಬೀಗಕ್ಕೆ ಕೀಲಿಯಂತೆ, ಕೂರುತ್ತದೆ. ಈವಿಂಗ್ ಜೀವಕೋಶಗಳು ಈ ಗ್ರಾಹಕವನ್ನು ಬಹಳವಾಗಿ ನೆಚ್ಚಿಕೊಂಡಿವೆ. ಹಾಗಾಗಿ ಬೀಗವನ್ನೇ ಮುಚ್ಚುವ ಆ್ಯಂಟಿಬಾಡಿ ಎಂಬ ಔಷಧಿಗಳು ಬಂದಾಗ ನಮಗೆಲ್ಲ ದೊಡ್ಡ ಆಸೆ ಹುಟ್ಟಿತ್ತು. ಕಾಯಿಲೆ ಮರುಕಳಿಸಿದವರಲ್ಲಿ ಅಂಥ ಒಂದು ಔಷಧಿಯನ್ನು ಪರೀಕ್ಷಿಸಿದಾಗ ಗಡ್ಡೆ ಕರಗಿದ್ದು ಸುಮಾರು ನೂರಕ್ಕೆ ಹತ್ತು ಮಂದಿಗೆ. ಅವರಲ್ಲೂ ಹೆಚ್ಚಿನವರಿಗೆ ಕೆಲವೇ ತಿಂಗಳು. ಕಾಯಿಲೆ ಮೊದಲೇ ಹರಡಿದ್ದ ಸುಮಾರು 300 ರೋಗಿಗಳ ಅಮೆರಿಕದ ಅಧ್ಯಯನದಲ್ಲಿ ಕೀಮೊ ಜೊತೆಗೆ ಗನಿಟುಮ್ಯಾಬ್ ಎಂಬ ಇಂಥದೇ ಆ್ಯಂಟಿಬಾಡಿಯನ್ನು ಸೇರಿಸಿ ನೋಡಿದರು. 2023ರಲ್ಲಿ ಪ್ರಕಟವಾದ ಫಲಿತಾಂಶ ನೋವು ತರುವಂಥದ್ದು: ಲಾಭವಿಲ್ಲ, ಅಡ್ಡಪರಿಣಾಮ ಮಾತ್ರ ಹೆಚ್ಚು. ಒಂದು ಬಾಗಿಲು ಮುಚ್ಚಿದರೆ ಗಡ್ಡೆ ಪಕ್ಕದ ಇನ್ಸುಲಿನ್ ಗ್ರಾಹಕದ ಬಾಗಿಲಿನಿಂದ ಬೆಳವಣಿಗೆಯ ಸಂದೇಶ ಪಡೆಯುತ್ತದೆ ಎಂಬುದು ಪ್ರಯೋಗಾಲಯದಲ್ಲಿ ಕಂಡ ಒಂದು ಕಾರಣ.

ಬೇರೆ ಗ್ರಾಹಕಗಳ ಮೇಲೂ ಕೆಲಸ ನಡೆದಿದೆ. ರಕ್ತನಾಳ ಬೆಳೆಸುವ ಗ್ರಾಹಕ ಮತ್ತು ಮೆಟ್ ಎಂಬ ಗ್ರಾಹಕವನ್ನು ತಡೆಯುವ ಕ್ಯಾಬೊಜಾಂಟಿನಿಬ್ ಮಾತ್ರೆಯಿಂದ 2020ರ ಫ್ರೆಂಚ್ ಅಧ್ಯಯನದಲ್ಲಿ 39 ಈವಿಂಗ್ ರೋಗಿಗಳ ಪೈಕಿ 10 ಮಂದಿಯ ಗಡ್ಡೆ ಕುಗ್ಗಿತು. ಆದರೆ ಅವರೆಲ್ಲ ಹಿಂದಿನ ಚಿಕಿತ್ಸೆಗೆ ಬಗ್ಗದ ಕಾಯಿಲೆಯವರು. ನಿಮ್ಮ ಮಗನಿಗೆ ಈಗ ಅದು ಬೇಡ.

ವೈದ್ಯರನ್ನು ಕೇಳಬೇಕಾದದ್ದು ಇದು: ಕೀಮೊ ಎಷ್ಟು ದಿನಕ್ಕೊಮ್ಮೆ? ಹರಡದ ಈವಿಂಗ್‌ನಲ್ಲಿ 21 ದಿನಕ್ಕಿಂತ 14 ದಿನಕ್ಕೊಮ್ಮೆ ಕೊಟ್ಟಾಗ ಫಲ ಹೆಚ್ಚು ಎಂದು 2012ರಲ್ಲೇ ತೋರಿಸಿದ್ದಾರೆ. ಹಬ್ಬ, ಮದುವೆ ಎಂದು ಒಂದು ಸರದಿಯನ್ನೂ ಮುಂದೂಡಬೇಡಿ. ಜ್ವರ 100.4 ಡಿಗ್ರಿ ಮುಟ್ಟಿದರೆ ಬೆಳಗಾಗಲೆಂದು ಕಾಯದೆ ಆಸ್ಪತ್ರೆಗೆ ಹೊರಡಿ.